ನಸುಗುನ್ನಿ: ಮುಟ್ಟಿದರೆ ತುರಿಕೆ, ಅರಿತರೆ ಔಷಧ



ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆ ಕಡೆಯ ಕಾಷ್ಠೌಷಧಿ ಅಂಗಡಿಗಳಲ್ಲಿ ಅಶ್ವಗಂಧ, ಹಿಪ್ಪಲಿ, ಜ್ಯೇಷ್ಠಮಧುಗಳ ಸಾಲಿನಲ್ಲಿ ಇನ್ನೊಂದು ಡಬ್ಬಿ ಇರುತ್ತದೆ. ಅದರಲ್ಲಿ ಅವರೆಕಾಳಿಗಿಂತ ತುಸು ದೊಡ್ಡ, ನುಣುಪಾದ, ಹೊಳೆಯುವ ಬೀಜಗಳು. ಕನ್ನಡದವರು ಕೇಳಿದರೆ ನಸುಗುನ್ನಿ ಬೀಜ, ಮರಾಠಿಯವರು ಕೇಳಿದರೆ ಖಾಜಕುಯಿಲಿ, ಪೇಟೆಯ ಬೀಜಕಿನಲ್ಲಿ ಕೌಂಚ್ ಬೀಜ್. ಹುಲಜಂತಿಯಂಥ ಗಡಿಯ ಹಳ್ಳಿಯಲ್ಲಿ ಒಂದೇ ವಸ್ತುವಿಗೆ ಮೂರು ಹೆಸರು ಹೇಳದೆ ವ್ಯಾಪಾರ ನಡೆಯುವುದಿಲ್ಲ.

ಇದು ಅವರೆಯ ಕುಲದ ಬಳ್ಳಿ. ಮಳೆಗಾಲದಲ್ಲಿ ಚಿಗುರಿ ಬೇಲಿ, ಗಿಡಗಂಟಿಗಳ ಮೇಲೆ ಹಬ್ಬುತ್ತದೆ. ನೇರಳೆ ಬಣ್ಣದ ಹೂವು, ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿದ ಕಾಯಿ. ಕಾಯಿಯ ಮೈತುಂಬ ಕಂದು ಬಣ್ಣದ ನವಿರಾದ ರೋಮ. ಈ ರೋಮ ಮೈಗೆ ತಾಗಿದರೆ ಸಾಕು, ಸಹಿಸಲಾಗದ ತುರಿಕೆ. ಅದಕ್ಕೇ ಸಂಸ್ಕೃತದಲ್ಲಿ ಕಪಿಕಚ್ಛು ಎಂದರು. ಕಪಿಗೂ ತುರಿಸುವಂತೆ ಮಾಡುವುದು ಎಂದರ್ಥ. ಇದಕ್ಕೆ ಆತ್ಮಗುಪ್ತಾ ಎಂಬ ಇನ್ನೊಂದು ಹೆಸರೂ ಉಂಟು. ತನ್ನನ್ನು ತಾನೇ ಕಾಪಾಡಿಕೊಳ್ಳುವಂಥದು. ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿಗಳನ್ನು ಕೇಳಿ ಬೆಳೆದ ನಮಗೆ ಈ ಹೆಸರಿನ ಅರ್ಥ ಬೇರೆಯವರಿಗಿಂತ ಬೇಗ ಹೊಳೆಯುತ್ತದೆ.

ರೋಮದಲ್ಲಿ ಮ್ಯೂಕುನೇನ್ ಎಂಬ ಸತ್ವವಿದ್ದು, ತುರಿಕೆಗೆ ಅದೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ಕಂಡಿದ್ದಾರೆ. ತಾಗಿದಾಗ ಉಜ್ಜಬಾರದು, ಉಜ್ಜಿದಷ್ಟೂ ರೋಮ ಒಳಗೆ ಚುಚ್ಚಿಕೊಳ್ಳುತ್ತದೆ. ಹಳ್ಳಿಯಲ್ಲಿ ಸಗಣಿ ಇಲ್ಲವೆ ಕೆಸರು ಹಚ್ಚಿ, ಒಣಗಿದ ಮೇಲೆ ಉದುರಿಸುತ್ತಾರೆ. ರೋಮವೂ ಅದರೊಡನೆ ಬರುತ್ತದೆ. ಬೆಲ್ಲದ ಪಾಕದಲ್ಲಿ ಇದೇ ರೋಮವನ್ನು ಕಲಸಿ ಹೊಟ್ಟೆಯ ಹುಳಕ್ಕೆ ಕೊಡುವ ರೂಢಿ ಹಿಂದೆ ನಮ್ಮಲ್ಲಿಯೂ ವಿಲಾಯತಿಯಲ್ಲಿಯೂ ಇತ್ತು. ಈಗ ಅದನ್ನು ಯಾರೂ ಮಾಡಬಾರದು.

ಔಷಧಕ್ಕೆ ಬರುವುದು ಮುಖ್ಯವಾಗಿ ಬೀಜ. ಕಾಡಿನದು ಸಾಮಾನ್ಯವಾಗಿ ಕಪ್ಪು. ರೋಮ ಚುಚ್ಚದ, ಹೊಲದಲ್ಲಿ ಬೆಳೆಯುವ ಜಾತಿಯದು ಹೆಚ್ಚಾಗಿ ಬಿಳಿ. ಆಯುರ್ವೇದದಲ್ಲಿ ಇದನ್ನು ಧಾತುಪುಷ್ಟಿಗೆ, ನರಗಳ ಬಲಕ್ಕೆ, ವಾತರೋಗಗಳಿಗೆ ಹೇಳಿದ್ದಾರೆ. ಪಕ್ಷವಾತದಲ್ಲಿ ಕೊಡುವ ಮಾಷಬಲಾದಿ ಕ್ವಾಥದಲ್ಲಿ ಉದ್ದು, ಬಲಾ ಬೇರುಗಳೊಡನೆ ಇದೂ ಸೇರುತ್ತದೆ. ಕೈಕಾಲು ನಡುಗುವ ಕಂಪವಾತಕ್ಕೂ ವೈದ್ಯರು ಇದನ್ನು ಕೊಡುತ್ತ ಬಂದಿದ್ದಾರೆ. ಆದರೆ ಹಸಿಬೀಜವನ್ನು ಹಾಗೆಯೇ ಕುಟ್ಟಿ ಕೊಡುವುದಿಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ ಆಕಳ ಹಾಲಿನಲ್ಲಿ ತೂಗುಬಿಟ್ಟು ಸುಮಾರು ಮೂರು ತಾಸು ಬೇಯಿಸಿ, ಸಿಪ್ಪೆ ತೆಗೆದು, ತೊಳೆದು, ಒಣಗಿಸಿ ಪುಡಿ ಮಾಡುತ್ತಾರೆ. ಇದಕ್ಕೆ ಶೋಧನೆ ಎನ್ನುತ್ತಾರೆ.

ಹಳೆಯ ವೈದ್ಯರು ಅನುಭವದಿಂದ ಕಂಡದ್ದಕ್ಕೆ ಹೊಸ ವಿಜ್ಞಾನದಿಂದ ಕಾರಣ ದೊರೆಯಿತು. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಈ ಬೀಜದಿಂದ ಲೆವೊಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದರು. ಆಗ ಅದರ ಉಪಯೋಗ ಯಾರಿಗೂ ಗೊತ್ತಿರಲಿಲ್ಲ. 1960ರ ದಶಕದಲ್ಲಿ ವಿಯೆನ್ನಾ ಮತ್ತು ಅಮೆರಿಕದ ವೈದ್ಯರು ಕಂಪವಾತದ, ಅಂದರೆ ಪಾರ್ಕಿನ್ಸನ್ ರೋಗದ ಮದ್ದಾಗಿ ಅದೇ ಲೆವೊಡೋಪಾವನ್ನು ತೋರಿಸಿಕೊಟ್ಟರು. ಮೆದುಳಿನಲ್ಲಿ ಡೋಪಮೈನ್ ಎಂಬ ರಸ ಕಡಿಮೆಯಾದಾಗ ಈ ರೋಗ ಬರುತ್ತದೆ. ಲೆವೊಡೋಪಾ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳಿಗೆ ಕೊಟ್ಟು ನೋಡಿದಾಗ 30 ಗ್ರಾಂ ಬೀಜದ ಪುಡಿ ಸುಮಾರು 34 ನಿಮಿಷಕ್ಕೆ, ಮಾತ್ರೆ ಸುಮಾರು 68 ನಿಮಿಷಕ್ಕೆ ಗುಣ ತೋರಿಸಿತು. ಇದು ವೈದ್ಯರ ಕಣ್ಣೆದುರು ಅಳತೆಯಿಂದ ನಡೆದ ಪರೀಕ್ಷೆ. ಮನೆಯಲ್ಲಿ ಮಾಡಿ ನೋಡತಕ್ಕದ್ದಲ್ಲ.

ನಾವು ಲೆಕ್ಕದ ಜನ, ಆದ್ದರಿಂದ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಬೀಜದಲ್ಲಿ ಲೆವೊಡೋಪಾ ನೂರಕ್ಕೆ ನಾಲ್ಕೈದು ಪಾಲು ಇರುತ್ತದೆ. 5 ಗ್ರಾಂ ಪುಡಿ ಎಂದರೆ 200ರಿಂದ 250 ಮಿಲಿಗ್ರಾಂ. ಡಾಕ್ಟರರು ಬರೆಯುವ ಸಾಮಾನ್ಯ ಮಾತ್ರೆಯೊಂದರಲ್ಲಿ ಲೆವೊಡೋಪಾ 100 ಮಿಲಿಗ್ರಾಂ. ಹಾಗಾದರೆ ಪುಡಿಯೇ ಹೆಚ್ಚು ಬಲವೇ? ಅಲ್ಲ. ಮಾತ್ರೆಯಲ್ಲಿ ಕಾರ್ಬಿಡೋಪಾ ಎಂಬ ಇನ್ನೊಂದು ಮದ್ದು ಸೇರಿರುತ್ತದೆ. ಲೆವೊಡೋಪಾ ದಾರಿಯಲ್ಲಿಯೇ ಕರಗಿಹೋಗದಂತೆ ಅದು ತಡೆಯುತ್ತದೆ, ಓಕರಿಕೆಯನ್ನೂ ಕಡಿಮೆ ಮಾಡುತ್ತದೆ. ಪುಡಿಯಲ್ಲಿ ಆ ಕಾವಲಿಲ್ಲ. ಅದೂ ಅಲ್ಲದೆ ಬೀಜದ ಸತ್ವ ಜಾತಿಯಿಂದ ಜಾತಿಗೆ, ಹೊಲದಿಂದ ಹೊಲಕ್ಕೆ ಬೇರೆ. ಒಂದೇ ತಕ್ಕಡಿಯಲ್ಲಿ ತೂಗಿದ ಎರಡು ಪೊಟ್ಟಣಗಳ ಗುಣ ಒಂದೇ ಆಗಿರುವುದಿಲ್ಲ.

ಮಾತ್ರೆ ಮತ್ತು ಪುಡಿ ಎರಡನ್ನೂ ಕೂಡಿಸಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿಯೇ ಕಂಡೆವು. ನಮ್ಮ ಹಿರಿಯಣ್ಣನವರಿಗೆ ಕಂಪವಾತ. ಡಾಕ್ಟರರ ಮಾತ್ರೆ ನಡೆದಿತ್ತು. ಒಂದು ಜಾತ್ರೆಯಲ್ಲಿ ನೆಲದ ಮೇಲೆ ಬೇರು ಬೀಜ ಹರವಿಕೊಂಡು ಕೂತಿದ್ದವನೊಬ್ಬ, “ಇದನ್ನ ದಿನಾ ಎರಡ ಚಮಚ ಹಾಲಾಗ ಹಾಕ್ಕೊಂಡ ಕುಡೀರಿ ಮಾಲಕರ, ತಿಂಗಳದಾಗ ನಡುಕ ನಿಂದರತೈತಿ” ಎಂದು ಸಿಪ್ಪೆಸಹಿತ ಕುಟ್ಟಿದ ಪುಡಿ ಕೊಟ್ಟನು. ನಾಲ್ಕನೆಯ ದಿನ ವೈನಿಯವರು ಹೇಳಿ ಕಳಿಸಿದರು. ಹೋದೆ. “ನೋಡ್ರಿ, ಉಂಡದ್ದು ಹೊಟ್ಟ್ಯಾಗ ನಿಲ್ಲವಲ್ದು. ರಾತ್ರಿ ಎದ್ದ ಕುಂತು ಬಾಗಲದಾಗ ಯಾರೋ ನಿಂತಾರ ಅಂತಾರ” ಎಂದು ಕಣ್ಣೊರೆಸಿಕೊಂಡರು. ಪುಡಿಯ ಪೊಟ್ಟಣವನ್ನೂ ಮಾತ್ರೆಯ ಚೀಟಿಯನ್ನೂ ತೆಗೆದುಕೊಂಡು ಡಾಕ್ಟರರ ಬಳಿ ಹೋದೆವು. ಎರಡರಲ್ಲಿಯೂ ಇರುವುದು ಒಂದೇ ಮದ್ದು, ಪ್ರಮಾಣ ಮೀರಿದೆ ಎಂದು ಅವರು ಪುಡಿ ನಿಲ್ಲಿಸಿ ಮಾತ್ರೆಯನ್ನು ಮಾತ್ರ ಮುಂದುವರಿಸಿದರು. ಕೆಲವು ದಿನಗಳಲ್ಲಿ ಅಣ್ಣನವರು ಸರಿಹೋದರು. ಪುಡಿಯನ್ನು ನಂಬಿ ಮಾತ್ರೆಯನ್ನು ಥಟ್ಟನೆ ಬಿಟ್ಟಿದ್ದರೆ ಅದೂ ಅಪಾಯವೇ ಆಗುತ್ತಿತ್ತು ಎಂದು ಡಾಕ್ಟರರು ಎಚ್ಚರಿಸಿದರು.

ದೂರದ ಉದಾಹರಣೆಯೂ ಇದೆ. 1989ರಲ್ಲಿ ಆಫ್ರಿಕದ ಮೊಜಾಂಬಿಕ್ ದೇಶದಲ್ಲಿ ಯುದ್ಧ ಮತ್ತು ಬರಗಾಲದ ಹೊತ್ತಿನಲ್ಲಿ ಜನರು ಹಸಿವಿಗೆ ಇದೇ ಬೀಜವನ್ನು ತಿಂದರು. ಅಲ್ಲಿಯವರು ಇದನ್ನು ಮತ್ತೆ ಮತ್ತೆ ಬೇಯಿಸಿ, ಆ ನೀರನ್ನು ಚೆಲ್ಲಿ ತಿನ್ನುವ ಪದ್ಧತಿ ಬಲ್ಲವರು. ಆದರೆ ಚೆಲ್ಲಲು ನೀರೇ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಜನರಿಗೆ ಬುದ್ಧಿಭ್ರಮೆ ಹಿಡಿಯಿತು. ಶೋಧನೆ ಎಂಬುದು ಬರಿಯ ಶಾಸ್ತ್ರಾಚಾರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಶ್ರಾವಕರಾದ ನಾವು ಇನ್ನೂ ಕೆಲವು ಸಂಗತಿ ನೋಡಬೇಕು. ಈ ಬೀಜದಿಂದ ಮಾಡುವ ವಾನರೀ ಗುಟಿಕೆ ಪ್ರಸಿದ್ಧ. ಬೀಜವನ್ನು ಹಾಲಿನಲ್ಲಿ ಬೇಯಿಸಿ, ಅರೆದು, ತುಪ್ಪದಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಅದ್ದಿ, ಜೇನಿನಲ್ಲಿ ಇಡುವುದು ಅದರ ಕ್ರಮ. ಜೇನು ನಮಗೆ ಅಭಕ್ಷ್ಯ. ಹಾಗೆಂದು ಔಷಧವನ್ನೇ ಬಿಡಬೇಕಾಗಿಲ್ಲ. ಜೈನ ವೈದ್ಯರು ಸಾವಿರ ವರ್ಷಗಳ ಹಿಂದೆಯೇ ಈ ತೊಡಕನ್ನು ಬಿಡಿಸಿದ್ದಾರೆ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆ ಹೇಳುವ ಗ್ರಂಥ. ಅದನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ, 1940ರಲ್ಲಿ ನಮ್ಮ ಸೊಲ್ಲಾಪುರದ ಸಖಾರಾಮ ನೇಮಚಂದ ಗ್ರಂಥಮಾಲೆಯಿಂದಲೇ ಅಚ್ಚಾಯಿತು. ಕನ್ನಡದಲ್ಲಿ ಜಗದ್ದಳ ಸೋಮನಾಥನ ಕರ್ನಾಟಕ ಕಲ್ಯಾಣಕಾರಕವೂ ಅದೇ ದಾರಿಯದು. ವಿಷವೈದ್ಯಕ್ಕೆ ಮಂಗರಾಜನ ಖಗೇಂದ್ರಮಣಿದರ್ಪಣವಿದೆ. ಆದ್ದರಿಂದ ವೈದ್ಯರ ಮುಂದೆ ಸಂಕೋಚಪಡದೆ, “ನಮಗೆ ಜೇನು ನಡೆಯುವುದಿಲ್ಲ, ಬೇರೆ ಅನುಪಾನ ಹೇಳಿರಿ” ಎಂದು ಕೇಳಬೇಕು.

ಎರಡನೆಯದು, ಇದು ದ್ವಿದಳ ಧಾನ್ಯದ ಜಾತಿ. ಹಸಿ ಹಾಲು, ಮೊಸರುಗಳೊಡನೆ ದ್ವಿದಳ ಬೇಡವೆಂಬ ನಿಯಮ ಪಾಲಿಸುವವರು ಅದನ್ನು ನೆನಪಿನಲ್ಲಿಡಬೇಕು. ಸಂಶಯವಿದ್ದರೆ ತಮ್ಮ ಗುರುಗಳನ್ನು ಕೇಳಬೇಕು. ಮೂರನೆಯದು, ಮಲಗುವಾಗ ಹಾಲಿನಲ್ಲಿ ಕುಡಿಯಿರಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ರಾತ್ರಿಭೋಜನ ತ್ಯಾಗವಿದ್ದವರು ಸೂರ್ಯಾಸ್ತದ ಮೊದಲಿನ ಹೊತ್ತನ್ನು ವೈದ್ಯರಿಂದ ಗೊತ್ತುಮಾಡಿಸಿಕೊಳ್ಳಬಹುದು. ನಾಲ್ಕನೆಯದು, ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನದ ಮರ್ಯಾದೆ ಪಾಲಿಸುವ ಮನೆಗಳಲ್ಲಿ ತಿಂಗಳುಗಟ್ಟಲೆ ಇಟ್ಟ ಪುಡಿಗಿಂತ, ವೈದ್ಯರ ಹೇಳಿಕೆಯಂತೆ ಶೋಧಿಸಿದ ಬೀಜವನ್ನು ತಂದು ಬೇಕಾದಷ್ಟೇ ಕುಟ್ಟಿಕೊಳ್ಳುವುದು ಒಳ್ಳೆಯದು. ಹಳೆಯ ಬೀಜಕ್ಕೆ ಹುಳ ಬೀಳುತ್ತದೆ. ಜೀವ ಬಿದ್ದ ಮಾಲನ್ನು ನಾವು ಮಾರಲೂಬಾರದು, ಕುಟ್ಟಲೂಬಾರದು.

ಗರ್ಭಿಣಿಯರು, ಹೃದಯರೋಗದವರು, ಮಾನಸಿಕ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಇದನ್ನು ತಾವಾಗಿಯೇ ಸೇವಿಸಬಾರದು. ಉಳಿದವರಿಗೂ ಸಾಮಾನ್ಯ ಪ್ರಮಾಣ 3ರಿಂದ 6 ಗ್ರಾಂ ಎಂದು ಗ್ರಂಥದಲ್ಲಿದ್ದರೂ ಯಾರಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಸೊಲ್ಲಾಪುರದಲ್ಲಿ ಶೇಠ ಗೋವಿಂದಜಿ ರಾವಜಿ ಆಯುರ್ವೇದ ಮಹಾವಿದ್ಯಾಲಯವಿದೆ. ಕಲಿತ ವೈದ್ಯರು ಇಷ್ಟು ಹತ್ತಿರವಿರುವಾಗ ಜಾತ್ರೆಯ ಮಾತು ಕೇಳುವುದೇಕೆ?

ಕೊನೆಗೆ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧವೂ ಒಂದು. ದಾನ ಮಾಡುವಷ್ಟು ಶಕ್ತಿ ಎಲ್ಲರಿಗೂ ಇರಲಿಕ್ಕಿಲ್ಲ. ಆದರೆ ಔಷಧ ಮಾರುವಾಗ ಎರಡು ಮಾತು ಕೇಳಲು ಖರ್ಚು ಬೀಳುವುದಿಲ್ಲ. ನಸುಗುನ್ನಿ ಕೇಳಿದವರಿಗೆ ನಾನು ಯಾರಿಗೆ, ಯಾವ ಕಾಯಿಲೆಗೆ, ಬೇರೆ ಮಾತ್ರೆ ನಡೆದಿದೆಯೇ ಎಂದು ಕೇಳುತ್ತೇನೆ. ನಡುಕಕ್ಕೆ ಎಂದರೆ ವೈದ್ಯರ ಚೀಟಿ ತನ್ನಿರಿ ಎನ್ನುತ್ತೇನೆ. ಕೆಲವರು ಸಿಟ್ಟಿನಿಂದ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಆ ದಿನದ ಗಲ್ಲೆಯಲ್ಲಿ ನೂರು ರೂಪಾಯಿ ಕಡಿಮೆ ಬಿದ್ದರೆ ಮನೆ ಮುಳುಗುವುದಿಲ್ಲ. ಪಕ್ಕದ ಅಂಗಡಿಯವರೂ ಇದೇ ಪ್ರಶ್ನೆ ಕೇಳುವಂತಾದರೆ ಯಾವ ಮನೆಯಲ್ಲಿಯೂ ಇಂಥ ರಾತ್ರಿ ಬಾರದು.