ತಲೆಯ ಕೆಳಗಿನ ಸಿಂಬೆ

ಹೋದ ವರ್ಷದ ಹಿಂದಿನ ವರ್ಷ ಕಾಫಿ ಕೊಯ್ಲು ಮುಗಿಯೋ ಹೊತ್ತಿಗೆ ನನ್ನ ಬಲಗೈ ಹೆಬ್ಬೆರಳು ಜೋಮು ಹಿಡಿಯಲು ಶುರುವಾಯಿತು. ಮನೆಗೆಲಸ ಮಾಡುವ ಹೆಂಗಸಿಗೆ ಕೈ ನೋಯುವುದೇನು ಹೊಸದೇ? ಕೊಬ್ಬರಿ ಎಣ್ಣೆ ತಿಕ್ಕಿದೆ, ಲಕ್ಕಿ ಸೊಪ್ಪಿನ ಶಾಖ ಕೊಟ್ಟೆ, ಸುಮ್ಮನಾದೆ. ಆಮೇಲೆ ತೋರುಬೆರಳೂ ಅದರ ಜೊತೆ ಸೇರಿಕೊಂಡಿತು. ಒಂದು ಬೆಳಿಗ್ಗೆ ನಮ್ಮ ಯಜಮಾನರಿಗೆ ಕಾಫಿ ಕೊಡಲು ಹೋಗಿ ಲೋಟ ಕೈಯಿಂದ ಜಾರಿಯೇ ಹೋಯಿತು. "ಏನೇ ಇದು, ಕೈಯಲ್ಲಿ ಬಲವೇ ಇಲ್ವಾ?" ಅಂದರು. ಅವರ ಪಂಚೆಯ ಮೇಲೆ ಬಿಸಿ ಕಾಫಿ ಚೆಲ್ಲದೆ ಹೋಗಿದ್ದರೆ ಇನ್ನೂ ಆರು ತಿಂಗಳು ನನ್ನನ್ನು ಡಾಕ್ಟರ ಹತ್ತಿರ ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲವೇನೋ!

ನಮ್ಮದು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಸಣ್ಣ ತೋಟ. ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕತ್ತು ಹಿಡಿದುಕೊಂಡು ಮಂಗಳೂರಿಗೆ ಹೋದೆವು. ಡಾಕ್ಟರು ನನ್ನ ಕೈ ನೋಡಿದ್ದಕ್ಕಿಂತ ಕತ್ತು ನೋಡಿದ್ದೇ ಹೆಚ್ಚು. ಈ ಕಡೆ ತಿರುಗಿಸಿ, ಆ ಕಡೆ ಬಾಗಿಸಿ, ಕೊನೆಗೆ, "ಅಮ್ಮಾ, ನೋವು ಕೈಯಲ್ಲಿ, ತೊಂದರೆ ಕತ್ತಿನಲ್ಲಿ" ಎಂದರು. ನನಗೆ ಅರ್ಥವಾಗಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಓದಿದ ವಿಜ್ಞಾನ ನನಗೆಲ್ಲಿ ನೆನಪಿದೆ?

ಅರ್ಥವಾಗಿಸಿದವಳು ನನ್ನ ನಾದಿನಿಯ ಮಗಳು. ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ದೀಪಾವಳಿಗೆ ಬಂದವಳು ಅಡುಗೆಮನೆಯಲ್ಲೇ ನನಗೆ ಪಾಠ ಶುರು ಮಾಡಿದಳು. ಅವತ್ತು ಕಡುಬಿಗೆ ಕೋಳಿ ಸಾರು. "ಅತ್ತೆ, ಕೋಳಿ ಕತ್ತಿನಲ್ಲಿ ಎಷ್ಟು ಮಣಿ ಇದೆ ಗೊತ್ತಾ? 14. ನಿಮ್ಮದರಲ್ಲಿ 7. ಅಷ್ಟುದ್ದ ಕತ್ತಿನ ಜಿರಾಫೆಗೂ 7 ಮಾತ್ರ" ಎಂದಳು. ಇಷ್ಟು ವರ್ಷ ಕೋಳಿ ಹೆಚ್ಚಿದ ನಾನು ಒಂದು ದಿನವೂ ಎಣಿಸಿದವಳಲ್ಲ.

ಈ ಏಳರಲ್ಲಿ ಮೇಲಿನ ಎರಡರದ್ದು ಬೇರೆಯೇ ಸಂಗತಿ. ಎಲ್ಲಕ್ಕಿಂತ ಮೇಲಿನ ಮಣಿ ಒಂದು ಬಳೆ ಇದ್ದ ಹಾಗೆ. ಮಿಕ್ಕ ಮಣಿಗಳಿಗಿರುವ ಗಟ್ಟಿ ದಿಂಡು ಅದಕ್ಕಿಲ್ಲ. ತಲೆಬುರುಡೆ ನೇರವಾಗಿ ಅದರ ಮೇಲೆ ಕೂತಿರುತ್ತದೆ. ಅವಳು ಕೈಯಲ್ಲಿ ದುಂಡಗೆ ಮಾಡಿ ತೋರಿಸಿದಾಗ ನಾನು, "ಅಯ್ಯೋ, ಇದು ಸಿಂಬೆ ಅಲ್ವೇನೇ!" ಅಂದೆ. ಹಳೇ ಸೀರೆ ಸುತ್ತಿ ಮಾಡಿದ ಸಿಂಬೆಯ ಮೇಲೆ ಎಷ್ಟು ಕೊಡ ನೀರು, ಎಷ್ಟು ಹೊರೆ ಸೌದೆ ಹೊತ್ತಿದ್ದೇನೆ ನಾನು! ತಲೆಯ ಮೇಲೆ ಸಿಂಬೆ ಇಡುವುದಕ್ಕೆ ಮೊದಲೇ ತಲೆಯ ಕೆಳಗೂ ಒಂದು ಸಿಂಬೆ ಇತ್ತು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ನಾವು ಹೌದು ಅಂತ ತಲೆ ಆಡಿಸುವುದು ಹೆಚ್ಚಾಗಿ ಈ ಸಿಂಬೆಯ ಮೇಲೆ.

ಎರಡನೆಯ ಮಣಿಯಿಂದ ಒಂದು ಗೂಟ ಮೇಲಕ್ಕೆದ್ದು ಆ ಬಳೆಯೊಳಗೆ ನಿಂತಿದೆ. ಬೀಸುವ ಕಲ್ಲು ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಡುವಿನ ಗೂಟದ ಸುತ್ತ ಮೇಲಿನ ಕಲ್ಲು ಸುತ್ತುವ ಹಾಗೆ ತಲೆಯೂ ಬಳೆಯೂ ಒಟ್ಟಿಗೆ ತಿರುಗುತ್ತವೆ. ಕತ್ತು ಎಡಬಲಕ್ಕೆ ತಿರುಗುವುದರಲ್ಲಿ ಹೆಚ್ಚೂಕಡಿಮೆ ಅರ್ಧ ಇದೊಂದೇ ಜಾಗದಲ್ಲಿ ನಡೆಯುತ್ತದಂತೆ. ಗೂಟ ಹಿಂದಕ್ಕೆ ಸರಿಯದ ಹಾಗೆ ಒಂದು ಗಟ್ಟಿ ಪಟ್ಟಿ ಅಡ್ಡ ಕಟ್ಟಿದೆ. ಯಾಕೆಂದರೆ ಅದರ ಹಿಂದೆಯೇ ಬೆನ್ನುಹುರಿ.

ಎರಡನೆಯ ಮಣಿಯಿಂದ ಕೆಳಗೆ ಒಂದೊಂದು ಮಣಿಯ ನಡುವೆಯೂ ಮೆತ್ತನೆ ಬಿಲ್ಲೆ ಇದೆ. ಅದನ್ನೇ ಡಿಸ್ಕ್ ಅನ್ನೋದು. ಹೂರಣದ ಕಡುಬು ನೆನಪು ಮಾಡಿಕೊಳ್ಳಿ. ಹೊರಗೆ ಬಿಗಿ, ಒಳಗೆ ಮೆತ್ತಗೆ. ಎಳೆ ವಯಸ್ಸಿನಲ್ಲಿ ಒಳಗಿನದು ತುಂಬಾ ನೀರಾಗಿರುತ್ತದೆ, ವಯಸ್ಸಾದ ಹಾಗೆ ಒಣಗುತ್ತದೆ. ಹೊರಗಿನದು ಸೀಳಿದರೆ ಹೂರಣ ಈಚೆ ಬಂದು ಪಕ್ಕದಲ್ಲಿ ಹೊರಡುವ ನರವನ್ನು ಒತ್ತುತ್ತದೆ. ನನಗಾದದ್ದು ಅದೇ. ಐದನೆಯ, ಆರನೆಯ ಮಣಿಗಳ ನಡುವೆ. ಅಲ್ಲಿ ಹೊರಡುವ ಆರನೆಯ ನರ ಹೆಬ್ಬೆರಳವರೆಗೆ ಬರುತ್ತದೆ. ಏಳನೆಯದು ನಡುಬೆರಳಿಗೆ, ಎಂಟನೆಯದು ಕಿರುಬೆರಳಿಗೆ. ಏಳು ಮಣಿಗೆ ಎಂಟು ಜೊತೆ ನರ ಹ್ಯಾಗೆ ಅಂತ ಕೇಳಿದೆ. ಮೊದಲನೆಯ ಜೊತೆ ತಲೆಬುರುಡೆಗೂ ಬಳೆಗೂ ನಡುವೆಯೇ ಹೊರಟುಬಿಡುತ್ತದೆಯಂತೆ.

ತಲೆಯ ಮೇಲೆ ಹೊರೆ ಹೊತ್ತದ್ದೇ ಕಾರಣವೋ ಅಂದರೆ ಅದೊಂದೇ ಅಲ್ಲ ಅಂದಳು. ನಮ್ಮ ತಲೆಯೇ ನಾಲ್ಕೂವರೆ ಐದು ಕೆ.ಜಿ. ತೂಕ. ಕತ್ತು ನೆಟ್ಟಗಿದ್ದರೆ ಭಾರ ಮಣಿಯಿಂದ ಮಣಿಗೆ ಇಳಿದು ಹೋಗುತ್ತದೆ. ಬಗ್ಗಿಸಿ ಗಂಟೆಗಟ್ಟಲೆ ಕೂತರೆ, ತುಂಬಿದ ಕೊಡವನ್ನು ಸೊಂಟದಲ್ಲಿಡದೆ ಕೈ ಚಾಚಿ ಹಿಡಿದ ಹಾಗೆ. ಹಣ್ಣು ಆರಿಸುವುದು, ಮೆಣಸು ಬಿಡಿಸುವುದು, ಹೊಲಿಗೆ, ಈಗ ಸಾಯಂಕಾಲವೆಲ್ಲ ಮೊಬೈಲು. ಹೊರೆಯ ಪಾಲೂ ಇಲ್ಲದಿಲ್ಲ. ಆಫ್ರಿಕದಲ್ಲಿ ತಲೆಹೊರೆ ಹೊರುವವರ ಕತ್ತಿನ ತೊಂದರೆಯ ಬಗ್ಗೆ 1968ರಷ್ಟು ಹಿಂದೆಯೇ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಲೇಖನ ಬಂದಿತ್ತಂತೆ. ನಮ್ಮ ತೋಟದ ಹೆಂಗಸರ ಕತ್ತನ್ನು ನೋಡಿ ಯಾರು ಬರೆದಾರು?

ನನ್ನ ಕೈ ನಾಲ್ಕು ತಿಂಗಳಲ್ಲಿ ಸರಿಹೋಯಿತು. ಆಪರೇಷನ್ ಬೇಕಾಗಲಿಲ್ಲ. ವ್ಯಾಯಾಮ, ತಗ್ಗಾದ ಒಂದೇ ದಿಂಬು, ಅಷ್ಟೆ. ಬಹಳ ಜನಕ್ಕೆ ಹೀಗೇ ವಾಸಿಯಾಗುತ್ತದಂತೆ. ಆದರೆ ರವಿಕೆಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡೆಯುವಾಗ ಕಾಲು ಎಡವಿದರೆ, ಮೂತ್ರದ ಹಿಡಿತ ತಪ್ಪಿದರೆ ಶಾಖ ಕೊಡುತ್ತಾ ಕೂರಬೇಡಿ. ಒತ್ತುತ್ತಿರುವುದು ಬರೀ ನರವಲ್ಲ, ಬೆನ್ನುಹುರಿಯೇ ಇರಬಹುದು. ಇನ್ನೊಂದು ಮಾತು. ಕ್ಷೌರ ಮಾಡಿಸಿ ಕತ್ತನ್ನು ಲಟಕ್ಕನೆ ತಿರುಗಿಸಿ ನೆಟಿಗೆ ತೆಗೆಸಿಕೊಂಡು ಬರುವುದು ನಮ್ಮವರ ಚಟವಾಗಿತ್ತು. ಆರನೆಯ ಮಣಿಯಿಂದ ಮೇಲಕ್ಕೆ ಒಂದೊಂದು ಮಣಿಯ ಎರಡು ಪಕ್ಕದಲ್ಲೂ ತೂತು. ಅದರೊಳಗೆ ದಾರ ಪೋಣಿಸಿದ ಹಾಗೆ ಮಿದುಳಿಗೆ ಹೋಗುವ ರಕ್ತನಾಳ. ಅಪರೂಪಕ್ಕಾದರೂ ಆ ನಾಳ ಸೀಳಿ ಲಕ್ವ ಹೊಡೆದದ್ದುಂಟು ಎಂದು ಸೊಸೆಮುದ್ದು ಹೇಳಿದ ಮೇಲೆ ಚಟ ಬಿಟ್ಟರು. ನಾನು ಹತ್ತು ವರ್ಷ ಹೇಳಿದ್ದಕ್ಕೆ ಬೆಲೆ ಇರಲಿಲ್ಲ!

ಇಷ್ಟೆಲ್ಲ ಕೇಳಿದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನಸ್ಸು ಹನ್ನೆರಡು ವರ್ಷದ ಹಿಂದಕ್ಕೆ ಹೋಗಿತ್ತು.

ಅವತ್ತು ಮರಗಸಿ ನಡೆಯುತ್ತಿತ್ತು. ಮಳೆಗಾಲಕ್ಕೆ ಮುಂಚೆ ನೆರಳಿನ ಮರದ ಕೊಂಬೆ ಕಡಿಸುವ ಕೆಲಸ. ಕೊಂಬೆಯೊಂದು ಮುರಿದು ಆಳೊಬ್ಬ ಕೆಳಗೆ ಬಿದ್ದ. ಪ್ರಜ್ಞೆ ಇತ್ತು, ಮಾತಾಡುತ್ತಿದ್ದ. "ಅಮ್ಮಾ, ಕಾಲು ಎಲ್ಲಿದೆ ಗೊತ್ತಾಗ್ತಿಲ್ಲ" ಅಂದ. ನಾನು ಓಡಿ ಹೋಗಿ ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದೆ. ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಿದರು. ತಲೆ ಹಿಂದಕ್ಕೆ ಜೋತು ಬಿದ್ದಿತ್ತು. ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಬದುಕಿದ, ಆದರೆ ಎದ್ದು ನಡೆಯಲಿಲ್ಲ. ಕೈಬೆರಳೂ ಮಡಚಲು ಬರುತ್ತಿರಲಿಲ್ಲ. ಮೂರು ವರ್ಷ ಹಾಸಿಗೆಯಲ್ಲಿದ್ದು ಹೋದ.

ಬೆಳಿಗ್ಗೆ ಹುಡುಗಿಯನ್ನು ಕೇಳಿಯೇಬಿಟ್ಟೆ. ಉಸಿರಾಡಿಸುವ ವಪೆಗೆ ನರ ಬರುವುದು ಕತ್ತಿನ 3, 4, 5ನೆಯ ಜಾಗದಿಂದ, ಅವನ ಪೆಟ್ಟು ಅದಕ್ಕಿಂತ ಕೆಳಗೆ ಆಗಿರಬೇಕು, ಅದಕ್ಕೇ ಉಸಿರು ಉಳಿಯಿತು ಎಂದಳು. "ನಾನು ತಲೆ ಎತ್ತಿದ್ದರಿಂದ ಹಾಗಾಯಿತೇನೇ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿದ್ದಾಗಲೇ ಆಗಿತ್ತು ಅನ್ಸುತ್ತೆ ಅತ್ತೆ. ಕಾಲು ಗೊತ್ತಾಗ್ತಿಲ್ಲ ಅಂತ ಮೊದಲೇ ಅಂದಿದ್ದನಲ್ಲ" ಅಂದಳು. ನನ್ನ ಸಮಾಧಾನಕ್ಕೆ ಹೇಳಿದಳೋ, ನಿಜವೋ? ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ. ಅವನ ಹೆಂಡತಿ ಈಗಲೂ ನಮ್ಮ ತೋಟಕ್ಕೇ ಕೆಲಸಕ್ಕೆ ಬರುತ್ತಾಳೆ.

ಈ ವರ್ಷ ಮೆಣಸಿನ ಕೊಯ್ಲಿನಲ್ಲಿ ಮತ್ತೆ ಹಾಗೇ ಆಯಿತು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಬಿದಿರಿನ ಏಣಿ ಜಾರಿ ಹುಡುಗನೊಬ್ಬ ಬಿದ್ದ. ಎಲ್ಲರೂ ಎತ್ತಲು ಓಡಿದರು. ನಾನು ಕೂಗಿಕೊಂಡ ಸದ್ದು ಪಕ್ಕದ ತೋಟಕ್ಕೂ ಕೇಳಿಸಿತಂತೆ. ಅವನ ತಲೆಯ ಹಿಂದೆ ಮಂಡಿಯೂರಿ ಕೂತು, ಎರಡು ಕೈಯಿಂದ ತಲೆಯನ್ನು ಇದ್ದ ಹಾಗೇ ಅಲ್ಲಾಡದಂತೆ ಹಿಡಿದುಕೊಂಡೆ. ನೀರು ಕೇಳಿದ, ಕೊಡಲಿಲ್ಲ. ಕೂರಿಸಿ ಅಂದರು, ಬಿಡಲಿಲ್ಲ. ಉಸಿರು ನೋಡುತ್ತಾ, ಮಾತಾಡಿಸುತ್ತಾ ಇದ್ದೆ. ನಮ್ಮವರು ಸಿಗ್ನಲ್ ಸಿಗುವ ತಿರುವಿನವರೆಗೆ ಓಡಿ 108ಕ್ಕೆ ಫೋನ್ ಮಾಡಿದರು. ಗಾಡಿ ಬರಲು ಒಂದು ಗಂಟೆಗೂ ಮೇಲಾಯಿತು. ಮಂಡಿಗೆ ಇರುವೆ ಕಚ್ಚುತ್ತಿದ್ದರೂ ಕೈ ತೆಗೆಯಲಿಲ್ಲ. ಬಂದವರು ಕತ್ತಿಗೆ ಪಟ್ಟಿ ಹಾಕಿದರು. ತಲೆ, ಹೆಗಲು, ಸೊಂಟ ಎಲ್ಲ ಒಂದೇ ಸಲ ಹೊರಳುವ ಹಾಗೆ ಮರದ ದಿಮ್ಮಿ ಉರುಳಿಸಿದಂತೆ ಉರುಳಿಸಿ, ಹಲಗೆಗೆ ಕಟ್ಟಿ ಕರೆದೊಯ್ದರು. ಆರನೆಯ ಮಣಿಯಲ್ಲಿ ಬಿರುಕು ಇತ್ತು, ಆದರೆ ಮಣಿ ಜರುಗಿರಲಿಲ್ಲ. ಕೆಲವು ವಾರ ಪಟ್ಟಿ ಹಾಕಿಕೊಂಡಿದ್ದ. ಈಗ ಓಡಾಡುತ್ತಾನೆ, ಏಣಿ ಮಾತ್ರ ಹತ್ತುವುದಿಲ್ಲ.

ಮೊನ್ನೆ ಮಧ್ಯಾಹ್ನ ತೋಟದ ಹೆಂಗಸರು ಜಗಲಿಯ ಮೇಲೆ ಊಟಕ್ಕೆ ಕೂತಿದ್ದರು. ಆ ಮರಗಸಿಯವನ ಹೆಂಡತಿ ಪಕ್ಕದಲ್ಲಿ ಸಿಂಬೆ ಬಿಚ್ಚಿಟ್ಟು, "ಅಮ್ಮಾ, ಮಣಿ ಎಣಿಸೋದು ಗೊತ್ತಂತಲ್ಲ ನಿಮಗೆ, ನನ್ನದೂ ನೋಡಿ" ಎಂದಳು. ತಲೆ ಬಗ್ಗಿಸಲು ಹೇಳಿದೆ. ಕತ್ತಿನ ಬುಡದಲ್ಲಿ, ಕರಿಮಣಿ ಸರದ ಕೆಳಗೆ, ಉಬ್ಬಿಕೊಂಡ ಗಂಟು ಕೈಗೆ ಸಿಕ್ಕಿತು. "ಇದು ಏಳನೆಯದು" ಅಂದೆ. ಅವಳು ತನ್ನ ಬೆರಳನ್ನು ಅಲ್ಲಿಟ್ಟು ಒತ್ತಿ ನೋಡಿಕೊಂಡಳು. "ಅವರಿಗೆ ಎಷ್ಟನೆಯದು ಮುರಿದಿತ್ತು?" ಎಂದು ಕೇಳಿದಳು.

ನಾನು ಅವಳ ಬೆರಳನ್ನು ಹಿಡಿದು ಸ್ವಲ್ಪ ಮೇಲಕ್ಕೆ ಸರಿಸಿದೆ.