ಬೀದಿಯ ಬಾಣಲೆ

ಬೀದಿಯಲ್ಲಿ ನಿಂತು ತಿನ್ನುವದು ಹೆಣ್ಣುಮಕ್ಕಳಿಗೆ ತರವಲ್ಲವೆಂದು ನಾವು ಬಾಲ್ಯದಲ್ಲಿ ಕೇಳಿದ್ದುಂಟು. ಕೊಪ್ಪಳ ಸೀಮೆಯಲ್ಲಿ ಸಂಚರಿಸಿದ ಮೇಲೆ ಆ ಮಾತನ್ನು ಪುನಃ ತೂಗಿ ನೋಡಿದೆವು. ಕುಷ್ಟಗಿ, ಯಲಬುರ್ಗಾಗಳದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಜೋಳ, ಕಡಲೆಗಳ ನೆಲ. ಗಂಗಾವತಿಯದು, 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ತರುವಾಯ, ಕಾಲುವೆಯ ನೀರುಂಡ ಭತ್ತದ ನೆಲ. ಮಂಡಕ್ಕಿಯ ಒಗ್ಗರಣೆಯೂ ಕಡಲೆಹಿಟ್ಟಿನ ಮಿರ್ಚಿಯೂ ಒಂದೇ ಕಾಗದದಲ್ಲಿ ಕೂಡುವಾಗ ಈ ಎರಡು ನೆಲಗಳೂ ಒಂದಾಗುತ್ತವೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಂತೂ ಅದೇ ಮಿರ್ಚಿಯನ್ನು ಲಕ್ಷಗಟ್ಟಲೆ ಕರಿದು, ಜಾತಿಮತ ಕೇಳದೆ, ಬೆಲೆ ಪಡೆಯದೆ ದಾಸೋಹದಲ್ಲಿ ಬಡಿಸುವರು. ಬೀದಿಯ ಬಾಣಲೆಯ ಮುಂದೆ ಹೊಗೆಯುಂಡು ಮಕ್ಕಳನ್ನು ಓದಿಸುವ ತಾಯಂದಿರೂ ಇದ್ದಾರೆ. ಪಾಲಕರೇ, ಮಗಳಿಗೆ ಶುಚಿಯನ್ನು ಅವಶ್ಯವಾಗಿ ಕಲಿಸಿರಿ. ದುಡಿಯುವ ಕೈಯನ್ನು ಹಳಿಯುವದನ್ನು ಮಾತ್ರ ಕಲಿಸಬೇಡಿರಿ.