ನಮ್ಮ ಗಲ್ಲಿಯ ಸಮಿತಿ

ಮುಂಬಯಿಗೆ ವರ್ಗವಾಗಿ ಬರುವ ಬ್ಯಾಂಕಿನವರೆಲ್ಲ ಮೂರು ವರ್ಷಕ್ಕೆ ತಿರುಗಿ ಹೋಗುತ್ತೇವೆ ಅಂತಲೇ ಬರುತ್ತಾರೆ. ನಾನೂ 1988ರಲ್ಲಿ ಧಾರವಾಡದಿಂದ ಹಾಗೇ ಬಂದೆ. ಟ್ರಂಕು ಸಹ ಪೂರ್ತಿ ಬಿಚ್ಚಿರಲಿಲ್ಲ. ಆಮೇಲೆ ಮಕ್ಕಳ ಶಾಲೆ, ಗೃಹಸಾಲ, ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಹೀಗೆ ಒಂದೊಂದೇ ಸೇರಿ ಟ್ರಂಕು ಖಾಲಿಯಾಯಿತು.

1999ರ ಒಂದು ಸಂಜೆ ಕೆಳಗಿನ ಮಹಡಿಯ ಹಿರಿಯರೊಬ್ಬರು ಬಾಗಿಲು ಬಡಿದರು. "ತುಮ್ಹಿ ಬ್ಯಾಂಕೇತ ಆಹಾತ ನಾ?" ಎಂದರು. ಹೌದು ಅಂದೆ. ಹಾಗಾದರೆ ಪತ್ರ ಬರೆಯಲು ಬರುತ್ತದೆ, ನಮ್ಮ ಗಲ್ಲಿಯ ಎ.ಎಲ್.ಎಂ.ಗೆ ನೀವೇ ಕಾರ್ಯದರ್ಶಿ ಅಂದುಬಿಟ್ಟರು. ನನಗೆ ಆ ಮೂರಕ್ಷರದ ಅರ್ಥವೂ ಗೊತ್ತಿರಲಿಲ್ಲ.

ಅಡ್ವಾನ್ಸ್ಡ್ ಲೊಕಾಲಿಟಿ ಮ್ಯಾನೇಜ್‌ಮೆಂಟ್ ಎಂಬುದು ದೊಡ್ಡ ಹೆಸರಿನ ಸಣ್ಣ ವ್ಯವಸ್ಥೆ. ತೊಂಬತ್ತರ ದಶಕದ ಕೊನೆಗೆ ಘಾಟ್‌ಕೋಪರಿನ ಜೋಶಿ ಲೇನ್ ನಿವಾಸಿಗಳು ಹಸಿ ಕಸ, ಒಣ ಕಸ ಬೇರೆ ಮಾಡಿ, ಹಸಿಯದನ್ನು ಗೊಬ್ಬರ ಮಾಡಿ, ತಮ್ಮ ಬೀದಿಯನ್ನು ತಾವೇ ನೋಡಿಕೊಂಡರು. ಅದನ್ನೇ ಮಾದರಿ ಮಾಡಿ ಪಾಲಿಕೆಯವರು ಬೇರೆ ಬೇರೆ ವಾರ್ಡುಗಳಲ್ಲಿ ಇಂಥ ಸಮಿತಿಗಳನ್ನು ನೋಂದಾಯಿಸಿಕೊಂಡರು. ಒಂದು ರಸ್ತೆ, ಅದರ ಎರಡೂ ಬದಿಯ ಸೊಸೈಟಿಗಳು, ಅವುಗಳಿಂದ ನಾಲ್ಕೈದು ಮಂದಿ. ಸಂಬಳವಿಲ್ಲ, ಭತ್ಯೆಯಿಲ್ಲ. ವಾರ್ಡ್ ಕಚೇರಿಯ ಸಭೆಗೆ ಹೋಗಿ ರಸ್ತೆ, ಗಟಾರ, ದೀಪ, ಕಸದ ವಿಷಯ ಹೇಳಬಹುದು. ಹೇಳಬಹುದು ಅಷ್ಟೇ, ಮಾಡಿಸುವ ಅಧಿಕಾರ ಇಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಶಿಫಾರಸು ನಮ್ಮದು, ಮಂಜೂರಾತಿ ಅವರದು.

ಇನ್ನೊಂದು ಮಾತು. ಎ.ಎಲ್.ಎಂ. ಇದ್ದದ್ದು ಬಿಲ್ಡಿಂಗಿನವರಿಗೆ. ಝೋಪಡಪಟ್ಟಿಗಳಿಗೆ 'ದತ್ತಕ ವಸ್ತಿ' ಎಂಬ ಬೇರೆ ಯೋಜನೆ ಇತ್ತು. ಅಂದರೆ ಬಿಲ್ಡಿಂಗಿನವರು ಮ್ಯಾನೇಜ್‌ಮೆಂಟ್, ಝೋಪಡಿಯವರು ದತ್ತು. ಆ ಕಾಲಕ್ಕೆ ಈ ವ್ಯತ್ಯಾಸ ನನ್ನ ತಲೆಗೆ ಹೊಳೆದಿರಲಿಲ್ಲ.

ಕೆಲಸವೇನೂ ಕಮ್ಮಿ ಇರಲಿಲ್ಲ. ಮನೆಮನೆಗೆ ಹೋಗಿ ಎರಡು ಬಕೀಟು ಇಡಿ ಅನ್ನಬೇಕು. "ನಾವು ಮೇಂಟೆನನ್ಸ್ ಕೊಡ್ತೇವಲ್ಲ" ಎಂಬ ಉತ್ತರ ಕೇಳಿಸಿಕೊಳ್ಳಬೇಕು. ಗೊಬ್ಬರದ ಗುಂಡಿ ನಾತ ಹೊಡೆದರೆ ರಾತ್ರಿ ಹತ್ತಕ್ಕೆ ಬಾಗಿಲಿಗೆ ಬಂದು ಬೈಯುವವರಿಗೆ ನೀರು ಕೊಟ್ಟು ಕಳಿಸಬೇಕು. ಸಭೆಗೆ ಐವರು ಬಂದರೆ ಹೆಚ್ಚು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ನಮ್ಮ ಗಲ್ಲಿಯಲ್ಲೂ ಎದೆಮಟ್ಟ ನೀರು ನಿಂತ ಮೇಲೆ ಮಾತ್ರ ಜನ ತಾವಾಗಿ ಬಂದರು. ಮುಂದಿನ ಮೇ ತಿಂಗಳಲ್ಲಿ ನಾಲೆಯ ಹೂಳೆತ್ತುವಾಗ ನಾವು ಪಾಳಿ ಹಾಕಿಕೊಂಡು ದಂಡೆಯ ಮೇಲೆ ಕೊಡೆ ಹಿಡಿದು ನಿಂತು ಲಾರಿ ಎಣಿಸಿದೆವು. ಎಣಿಸುವುದು ನನಗೆ ಒಲಿದು ಬಂದ ವಿದ್ಯೆ. ನಾಲೆಯೊಳಗೆ ಸೊಂಟದವರೆಗೆ ಇಳಿದಿದ್ದ ಕೂಲಿಯವರು ತಮ್ಮತಮ್ಮಲ್ಲಿ ಕಲಬುರ್ಗಿ ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದರು. ನಾನು ಮರಾಠಿಯಲ್ಲಿ ಲೆಕ್ಕ ಬರೆದುಕೊಳ್ಳುತ್ತಿದ್ದೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ನಮ್ಮ ಗಲ್ಲಿಯ ಬಾಯಿಗೆ ಒಂದು ಶಾಲೆ ಇದೆ. ಅಲ್ಲಿಂದ ಮುಂದಕ್ಕೆ ಫುಟ್‌ಪಾತಿನ ಮೇಲೆ ಹದಿನೈದು ಇಪ್ಪತ್ತು ಮಂದಿ ತರಕಾರಿ, ಹಣ್ಣು, ಹೂವು ಮಾರುತ್ತಿದ್ದರು. ಅವರಲ್ಲೊಬ್ಬಾಕೆ ಸಿಂದಗಿ ಕಡೆಯವಳು. ಮೆಂತ್ಯ, ಸಬ್ಬಸಿಗೆ, ರಾಜಗಿರಿ ಇಟ್ಟುಕೊಂಡು ಕೂರುತ್ತಿದ್ದಳು. ಇಲ್ಲಿನವರು ಅಂಬಾಡಿ ಅನ್ನುವ ನಮ್ಮ ಪುಂಡಿಪಲ್ಯ ಬಂದ ದಿನ ಒಂದು ಕಟ್ಟು ಬುಟ್ಟಿಯ ಅಡಿಗೆ ಮುಚ್ಚಿಟ್ಟು, ನನ್ನ ಹೆಂಡತಿ ಹೋದಾಗ "ಅಕ್ಕಾರ, ನಿಮಗಂತ ಇಟ್ಟೀನ್ರಿ" ಅಂತ ತೆಗೆದು ಕೊಡುತ್ತಿದ್ದಳು. ಆವತ್ತು ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಗ್ಯಾರಂಟಿ. ನಾನು ಅವಳಿಗೆ 'ಧಾರವಾಡದ ಸಾಹೇಬ್ರು'.

2008ರಲ್ಲಿ ಊರೆಲ್ಲ 'ಹೊರಗಿನವರು' ಎಂಬ ಮಾತು ಹರಿದಾಡುತ್ತಿತ್ತು. ಉತ್ತರದ ಟ್ಯಾಕ್ಸಿಯವರು, ವ್ಯಾಪಾರಿಗಳು ಏಟು ತಿಂದ ವರ್ಷ ಅದು. ನಮ್ಮ ಸಮಿತಿಯ ಸಭೆಯಲ್ಲಿ ಫುಟ್‌ಪಾತಿನ ವಿಷಯ ಬಂತು. ಮಕ್ಕಳು ರಸ್ತೆಗಿಳಿದು ನಡೆಯಬೇಕಾಗಿದೆ, ಎರಡು ಬಾರಿ ಸ್ಕೂಟರ್ ತಾಗಿದೆ. ಇದು ಸುಳ್ಳಲ್ಲ. ಆಗ ಒಬ್ಬರು, "ಸಗಳೇ ಬಾಹೇರ್‌ಚೇ ಲೋಕ್" ಎಂದರು. ಎಲ್ಲ ಹೊರಗಿನ ಜನ. ಅಂದವರು ಥಟ್ಟನೆ ನನ್ನ ಕಡೆ ತಿರುಗಿ, "ನಿಮಗಲ್ಲಾ ಸಾಹೇಬ್ರೇ, ನೀವು ನಮ್ಮವರು, ಧಾರವಾಡ ಅಂದರೆ ಭೀಮಸೇನ್ ಅಣ್ಣಾ, ಪೇಡಾ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಇಪ್ಪತ್ತು ವರ್ಷ ಲೋಕಲ್ಲಿನಲ್ಲಿ ನೇತಾಡಿದರೂ ಸಿಗದ ಸರ್ಟಿಫಿಕೇಟು ಸಿಕ್ಕ ಹಾಗಾಯಿತು. ಪತ್ರ ನಾನೇ ಬರೆಯುತ್ತೇನೆ ಅಂದೆ. ಬರೀ ದೂರಿನ ಪತ್ರ ಅಲ್ಲ, ತಳ್ಳಿಹಾಕಲಾಗದ ಪತ್ರ. 2003ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದಲ್ಲಿ ರೈಲು ನಿಲ್ದಾಣದಿಂದ 150 ಮೀಟರ್, ಶಾಲೆ, ಆಸ್ಪತ್ರೆ, ದೇವಸ್ಥಾನಗಳಿಂದ 100 ಮೀಟರ್ ಒಳಗೆ ಮುಂಬಯಿಯಲ್ಲಿ ಬೀದಿ ವ್ಯಾಪಾರ ಕೂಡದು ಅಂತ ಇತ್ತು. ಅದನ್ನು ಹುಡುಕಿ ತೆಗೆದೆ. ಇನ್ನು ಅಳತೆಯೊಂದು ಬೇಕು.

ಭಾನುವಾರ ಬೆಳಿಗ್ಗೆ ಸೊಸೈಟಿಯ ಆಫೀಸಿನಿಂದ ಉದ್ದನೆಯ ಟೇಪು ತಂದೆ. ಜೊತೆಗೆ ಬರುತ್ತೇನೆ ಅಂದಿದ್ದ ಸದಸ್ಯರು ಬರಲಿಲ್ಲ. ಶಾಲೆಯ ಗೇಟಿನಿಂದ ಒಬ್ಬನೇ ಅಳೆಯುವುದು ಹೇಗೆ? ಸೊಪ್ಪಿನಾಕಿಯೇ ಎದುರಿಗಿದ್ದಳು.

"ಇದರ ತುದಿ ಹಿಡಿಯವಾ, ಅಲ್ಲಾಡಿಸಬ್ಯಾಡ" ಅಂದೆ.

ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದು ಬಂದಳು. ಕೈಯ ನೀರು ಸೆರಗಿಗೆ ಒರೆಸಿಕೊಂಡು, ಗೇಟಿನ ಕಂಬಕ್ಕೆ ಟೇಪಿನ ತುದಿ ಒತ್ತಿ ಹಿಡಿದು ಕೂತಳು. "ಏನ್ ಅಳೀಲಿಕತ್ತೀರಿ ಸಾಹೇಬ್ರ, ರಸ್ತಾ ಮಾಡಿಸ್ತೀರೇನು?" ಅಂತ ಕೇಳಿದಳು. "ಹಂಗ ಏನೋ ಐತಿ" ಅಂದೆ. ಟೇಪು 30 ಮೀಟರಿನದು. ಒಂದು ಸಲ ಮುಗಿದಾಗ ಸೀಮೆಸುಣ್ಣದ ಗುರುತು ಹಾಕಿ ಅವಳನ್ನು ಮುಂದೆ ಕರೆಯುತ್ತಿದ್ದೆ. ಅವಳು ಬಂದು ಗುರುತಿನ ಮೇಲೆ ತುದಿ ಇಟ್ಟು ಮತ್ತೆ ಕೂರುತ್ತಿದ್ದಳು. ಸಾಲಿನ ಕೊನೆಯ ಬುಟ್ಟಿಯವರೆಗೆ 82 ಮೀಟರ್. ನಕ್ಷೆ ಬರೆದು, ಅಂಕಿ ಹಾಕಿ, ಸಹಿ ಮಾಡಿ ಕೊಟ್ಟೆ.

ಮೂರು ವಾರದಲ್ಲಿ ಗಾಡಿ ಬಂತು. ನಾನು ಆಫೀಸಿನಲ್ಲಿದ್ದೆ, ನೋಡಿದವಳು ಹೆಂಡತಿ. ಬುಟ್ಟಿ, ತಕ್ಕಡಿ ಎಲ್ಲ ಗಾಡಿಗೆ ಹಾಕಿದರಂತೆ, ಸಬ್ಬಸಿಗೆ ರಸ್ತೆ ತುಂಬ ಚೆಲ್ಲಿತ್ತಂತೆ. ಪಾಲಿಕೆಯವರು ಮಾಡಿದ್ದರಲ್ಲಿ ತಪ್ಪಿಲ್ಲ, ನಾವು ಕೇಳಿದ್ದನ್ನು ಮಾಡಿದ್ದರು. ಸಂಜೆ ನಾನು ಬಂದಾಗ ಫುಟ್‌ಪಾತು ತೊಳೆದಿಟ್ಟ ಹಾಗಿತ್ತು. ಸಮಿತಿಯವರು ಬೆನ್ನು ತಟ್ಟಿದರು. ಹೆಂಡತಿ ಮಾತ್ರ ಆ ರಾತ್ರಿ ಮಾತಿಲ್ಲದೆ ಊಟಕ್ಕೆ ಬಡಿಸಿದಳು.

ತಿಂಗಳ ಮೇಲೆ ಸ್ಟೇಷನ್ನಿನ ಆಚೆ ಬದಿಯಲ್ಲಿ ಸೊಪ್ಪಿನಾಕಿ ಸಿಕ್ಕಳು. ಗೋಣಿಚೀಲದ ಮೇಲೆ ನಾಲ್ಕೇ ಕಟ್ಟು, ಗಾಡಿ ಬಂದರೆ ಎತ್ತಿಕೊಂಡು ಓಡಲಿಕ್ಕೆ ಸುಲಭವಾಗುವಷ್ಟು. ತಪ್ಪಿಸಿಕೊಂಡು ಹೋಗಬಹುದಿತ್ತು, ಅವಳೇ ಕರೆದಳು. "ಸಾಹೇಬ್ರ, ಆ ಟೇಪು ಇದಕ್ಕೇನ್ರಿ?"

"ಇಲ್ಲವಾ, ಅದು ಗಟಾರದ ಕೆಲಸಕ್ಕ" ಅಂದೆ.

ಮೂವತ್ತು ವರ್ಷ ಕ್ಯಾಶ್ ಮುಟ್ಟಿದವನು ನಾನು. ಒಂದು ಪೈಸೆ ಆಚೀಚೆ ಮಾಡಿದವನಲ್ಲ. ಈ ಒಂದು ಸುಳ್ಳು ಮಾತ್ರ ಇವತ್ತಿಗೂ ಟ್ಯಾಲಿ ಆಗಿಲ್ಲ.

2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಎಲ್ಲಿ ಕೂರಬಹುದು, ಎಲ್ಲಿ ಕೂಡದು ಎಂದು ಸಲಹೆ ಮಾಡುವುದಕ್ಕೆ ಊರಿಗೊಂದು ಟೌನ್ ವೆಂಡಿಂಗ್ ಕಮಿಟಿ, ಅದರಲ್ಲಿ ಕನಿಷ್ಠ ಶೇಕಡಾ 40 ಜಾಗ ವ್ಯಾಪಾರಿಗಳಿಗೇ, ಆ ಪೈಕಿ ಮೂರನೇ ಒಂದು ಪಾಲು ಹೆಂಗಸರಿಗೆ. ಓದಿ ನಾನು ಸುಮ್ಮನೆ ಕೂತೆ. ಹದಿನೈದು ವರ್ಷದ ನಮ್ಮ ಸಮಿತಿಯ ಹಾಜರಿ ಪುಸ್ತಕದಲ್ಲಿ ಆ ಫುಟ್‌ಪಾತಿನವರ ಒಂದು ಸಹಿಯೂ ಇರಲಿಲ್ಲ. ಕರೆಯಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ, ಅವರ ಭಾಷೆ ಬಲ್ಲ ನನಗೂ.

ಆ ವರ್ಷ ಮುಂಬಯಿಯಲ್ಲಿ ವ್ಯಾಪಾರಿಗಳ ಸರ್ವೇ ನಡೆದು ಫಾರ್ಮು ಹಂಚಿದರು. ಒಂದು ಸಂಜೆ ಸೊಪ್ಪಿನಾಕಿ ಮಗನನ್ನು ಕರೆದುಕೊಂಡು ನಮ್ಮ ಬಾಗಿಲಿಗೇ ಬಂದಳು. ಹೆಂಡತಿ ಒಳಗೆ ಕರೆದಳು. ಆಕೆ ಸೋಫಾ ಬಿಟ್ಟು ನೆಲದ ಮೇಲೆ ಕೂತಳು. ಹೆಂಡತಿಯೂ ಪಕ್ಕದಲ್ಲೇ ಕೂತಳು. ನಾನೊಬ್ಬ ಕುರ್ಚಿಯ ಮೇಲೆ ಉಳಿಯುವುದು ಹೇಗೆ ಅಂತ ಇಳಿದೆ. ಚಹಾ ಬಂತು.

ಹೆಸರು, ವಯಸ್ಸು ಬರೆದದ್ದಾಯಿತು. ವ್ಯಾಪಾರ ಮಾಡುವ ಜಾಗ ಯಾವುದು ಅಂತ ಕೇಳಿದೆ. "ನಿಮ್ಮ ಗಲ್ಲೀರಿ" ಅಂದಳು. ಬರೆದೆ. ಎಷ್ಟು ವರ್ಷದಿಂದ? ದಾಖಲೆ ಏನಾದರೂ? ರೇಷನ್ ಕಾರ್ಡು ಸಿಂದಗಿಯದು. ಡೊಮಿಸೈಲ್ ಅಂದರೆ ತಾಯಿ ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಸೀರೆಯ ಮಡಿಲಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ನಾಲ್ಕು ಮಡಿಕೆಯ ಒಂದು ಕಾಗದ ಬಿಚ್ಚಿದಳು. "ಇದೊಂದು ಪಾವತಿ ಐತ್ರಿ. ಇದು ನಡೀತದೇನು?"

2008ರಲ್ಲಿ ತಕ್ಕಡಿ ಬಿಡಿಸಿಕೊಳ್ಳಲು ಕಟ್ಟಿದ ದಂಡದ ರಸೀದಿ. ತಾರೀಖು, ನಮ್ಮ ರಸ್ತೆಯ ಹೆಸರು ಎಲ್ಲ ಇತ್ತು. ಆ ಗಲ್ಲಿಯಲ್ಲಿ ಅವಳು ಕೂತಿದ್ದಳು ಎನ್ನುವುದಕ್ಕೆ ಅದೊಂದೇ ಪುರಾವೆ.

ನಡೀತದೆ ಅಂದೆ. ಆಮೇಲೆ, ಮಗನ ಎದುರಿಗೇ, ಆ ಟೇಪು ಇದಕ್ಕೇ ಇತ್ತು, ಪತ್ರ ನಾನೇ ಬರೆದದ್ದು, ಅಂತ ಹೇಳಿದೆ. ಆಕೆ ಚಹಾದ ಬಟ್ಟಲು ಕೆಳಗಿಟ್ಟಳು. "ಗೊತ್ತೈತ್ರಿ. ಗಾಡಿಯವರು ಆವತ್ತೇ ಅಂದಿದ್ರು, ನಿಮ್ಮ ಕಮಿಟಿ ಸಾಹೇಬ್ರ ಅರ್ಜಿ ಅಂತ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನೀವ್ ಬರೆದ್ರ ಕೆಲಸ ಆಗ್ತದಂತ ಗೊತ್ತಿತ್ತಲ್ರಿ, ಅದಕ್ಕ ಬಂದೆ" ಅಂದಳು. ಅದರಲ್ಲಿ ಚುಚ್ಚು ಎಷ್ಟು, ನಂಬಿಕೆ ಎಷ್ಟು ಅಂತ ಬಿಡಿಸಲು ನನಗೆ ಬರಲಿಲ್ಲ.

ಆ ವಾರ ಹದಿನೆಂಟು ಮಂದಿಯ ಫಾರ್ಮು ತುಂಬಿಕೊಟ್ಟೆ. ಸಮಿತಿಯಲ್ಲಿ ಕೆಲವರಿಗೆ ಸರಿಬರಲಿಲ್ಲ. ಒಬ್ಬರು, "ಶೇವಟೀ ಆಪಲೇ ಲೋಕ್" ಅಂದರು. ಕೊನೆಗೂ ನಿಮ್ಮ ಜನ ನಿಮಗೆ, ಅಂತ ಅರ್ಥ. ಹದಿನೆಂಟರಲ್ಲಿ ಕನ್ನಡದವರು ಇದ್ದದ್ದು ಮೂವರು. ಆ ಲೆಕ್ಕ ಕೊಡಲು ಹೋಗಲಿಲ್ಲ.

ಸರ್ವೇಯಿಂದ ಪಟ್ಟಿ, ಪಟ್ಟಿಯಿಂದ ಕೋರ್ಟು, ಹೀಗೆ ವರ್ಷಗಳು ಹೋದವು. ಅಷ್ಟರಲ್ಲಿ 2020ರ ಲಾಕ್‌ಡೌನಿನಲ್ಲಿ ಸೊಪ್ಪಿನಾಕಿ ಸಿಂದಗಿಗೆ ಹೋದವಳು ತಿರುಗಿ ಬರಲಿಲ್ಲ. ಮಗ ಇಲ್ಲೇ ಇದ್ದಾನೆ, ಸ್ಟೇಷನ್ನಿನ ಹತ್ತಿರ ಮೊಬೈಲ್ ಕವರು ಮಾರುತ್ತಾನೆ. ಅವ್ವ ಹೇಗಿದ್ದಾಳೆ ಅಂದರೆ "ಆರಾಮ್ ಅದಾಳ್ರಿ" ಅನ್ನುತ್ತಾನೆ. ಕನ್ನಡ ಅಷ್ಟೇ ಬರುವುದು, ಮಿಕ್ಕದ್ದು ಮರಾಠಿ.

ಹೋದ ತಿಂಗಳು ಕಾರ್ಯದರ್ಶಿತನವನ್ನು ಎರಡನೇ ವಿಂಗಿನ ಹುಡುಗಿಯೊಬ್ಬಳಿಗೆ ಒಪ್ಪಿಸಿದೆ. ಹಳೆಯ ಫೈಲುಗಳನ್ನು ವರ್ಷವಾರು ಜೋಡಿಸಿ, ಇಂಡೆಕ್ಸ್ ಮಾಡಿ ಕೊಟ್ಟೆ. 2008ರ ಪತ್ರ, ನಕ್ಷೆ ಎರಡೂ ಇದ್ದವು, 82 ಮೀ. ಅಂತ ನನ್ನದೇ ದುಂಡನೆಯ ಅಕ್ಷರ. ತೆಗೆದುಬಿಡೋಣವೇ ಅನ್ನಿಸಿತು. ತೆಗೆಯಲಿಲ್ಲ. ಅದರ ಹಿಂದೆ ಆ ಹದಿನೆಂಟು ಫಾರ್ಮುಗಳ ಝೆರಾಕ್ಸ್ ಲಗತ್ತಿಸಿ, ಮೊದಲ ಸಭೆಗೆ ಫುಟ್‌ಪಾತಿನವರಿಂದ ಇಬ್ಬರನ್ನು ಕರೆಯಿರಿ ಅಂತ ಒಂದು ಚೀಟಿ ಇಟ್ಟೆ. ಹುಡುಗಿ ಓದಿ, "ಅಂಕಲ್, ಸಭೆ ಬುಧವಾರ ಸಂಜೆ ಏಳಕ್ಕೆ. ಅವರ ವ್ಯಾಪಾರದ ಹೊತ್ತಲ್ಲವಾ ಅದು?" ಅಂತ ಮರಾಠಿಯಲ್ಲಿ ಕೇಳಿದಳು.

ಇಪ್ಪತ್ತೈದು ವರ್ಷ ನಮ್ಮ ಸಭೆ ಬುಧವಾರ ಸಂಜೆ ಏಳಕ್ಕೇ ನಡೆದದ್ದು.